ಡಿಫಾಲ್ಟ್ ಶೆಲ್ ಬದಲಿಸಿದೆ, ಆದರೆ ಬದಲಾಗಲಿಲ್ಲ: ಎಲ್ಲಿ ತಪ್ಪಿದೆ?

ಹೊಸನಗರದ ಬೆಳೆಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡು ಆರು ವರ್ಷಗಳಾದವು. ಅಡಿಕೆಯ ಲೆಕ್ಕವನ್ನೆಲ್ಲ ನಾನು ಸಾದಾ ಪಠ್ಯದ ಫೈಲುಗಳಲ್ಲಿಯೇ ಇಟ್ಟಿದ್ದೇನೆ. ಮಂಡಿಗೆ ಯಾವ ದಿನ ಎಷ್ಟು ಚೀಲ ರಾಶಿ ಹೋಯಿತು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ತೂಕವೇನು, ದರವೇನು ಎಂದು ಸಾಲು ಸಾಲಾಗಿ ಬರೆದಿಟ್ಟು, ಟರ್ಮಿನಲ್ಲಿನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಒಂದು ಚಿಕ್ಕ ಸ್ಕ್ರಿಪ್ಟ್, ಅಂದರೆ ಆದೇಶಗಳನ್ನು ಬರೆದಿಟ್ಟ ಫೈಲ್, ಓಡಿಸಿದರೆ ಬಗೆವಾರು ಮೊತ್ತ ಸಿಗುತ್ತದೆ. ಆ ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಮೇ ಶೆಲ್, ಇಷ್ಟು ವರ್ಷವೂ ಬ್ಯಾಶ್ ಎಂಬ ಶೆಲ್ಲಿನಲ್ಲಿಯೇ ಕೆಲಸ ನಡೆದಿದೆ.

ತೊಂದರೆ ಶುರುವಾಗುವುದು ಮಳೆಗಾಲದಲ್ಲಿ. ಲ್ಯಾಪ್‌ಟಾಪಿನ ಬ್ಯಾಟರಿ ಪೂರ್ತಿ ಹೋಗಿರುವುದರಿಂದ ಕರೆಂಟು ಹೋದ ಕ್ಷಣದಲ್ಲೇ ಯಂತ್ರವೂ ಆರಿಹೋಗುತ್ತದೆ. ಮತ್ತೆ ಹಚ್ಚಿ ಮೇಲ್ಬಾಣದ ಕೀಲಿ ಒತ್ತಿದರೆ, ಆ ದಿನ ಬೆಳಿಗ್ಗೆಯಿಂದ ನಾನು ಕೊಟ್ಟ ಆದೇಶಗಳಲ್ಲಿ ಒಂದೂ ಇರುವುದಿಲ್ಲ. ಉದ್ದುದ್ದ ಆದೇಶಗಳನ್ನು ಮತ್ತೆ ನೆನಪು ಮಾಡಿಕೊಂಡು ಟೈಪ್ ಮಾಡಬೇಕಾಗುತ್ತದೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು, "ಮಾವ, ಝಡ್‌ಶೆಲ್ ಹಾಕಿಕೊಳ್ಳಿ, ಅದರಲ್ಲಿ ಹೀಗಾಗುವುದಿಲ್ಲ" ಎಂದಳು. ಅವಳು ಹೇಳಿದಂತೆ ಝಡ್‌ಶೆಲ್ ಅನುಸ್ಥಾಪಿಸಿ, ಶೆಲ್ ಬದಲಿಸುವ ಆದೇಶವನ್ನೂ ಕೊಟ್ಟೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ, ಯಾವ ದೋಷವನ್ನೂ ತೋರಿಸಲಿಲ್ಲ. ಆದರೆ ಟರ್ಮಿನಲ್ ತೆರೆದರೆ ಈಗಲೂ ಬ್ಯಾಶ್ ಬರುತ್ತಿದೆ.

ಎಲ್ಲಿ ತಪ್ಪಿದೆ ಎಂಬುದು ಮೊದಲ ಪ್ರಶ್ನೆ. ಇದೇ ಯಂತ್ರದಲ್ಲಿ ನಮ್ಮ ತಂದೆಯವರಿಗೂ ಒಂದು ಖಾತೆ ಇದೆ, ಅವರಿಗೂ ಬದಲಿಸಬೇಕೇ ಎಂಬುದು ಎರಡನೆಯದು. ಬದಲಿಸಿದ ಮೇಲೆ ನನ್ನ ಅಡಿಕೆಯ ಸ್ಕ್ರಿಪ್ಟ್ ಕೆಡುವುದಿಲ್ಲವೇ ಎಂಬುದು ಮೂರನೆಯದು.

ಸಾಗರದ ಪ್ರೋಗ್ರಾಮರ್

ಶೆಲ್ ಬದಲಿಸಿದ ಮೇಲೆ ಟರ್ಮಿನಲ್ಲಿನ ಕಿಟಕಿಯನ್ನು ಮುಚ್ಚಿ ತೆರೆದರೆ ಸಾಲದು, ಡೆಸ್ಕ್‌ಟಾಪಿನಿಂದ ಪೂರ್ತಿಯಾಗಿ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು. ನೀವು ಒಳಗೆ ಬಂದಾಗ ವ್ಯವಸ್ಥೆಯು ನಿಮ್ಮ ಶೆಲ್ ಯಾವುದೆಂದು ಓದಿಕೊಂಡು, ನೀವು ಹೊರಗೆ ಹೋಗುವವರೆಗೂ ಅದನ್ನೇ ಇಟ್ಟುಕೊಂಡಿರುತ್ತದೆ.

ಇನ್ನೊಂದು ವಿಷಯವನ್ನು ಗಮನಿಸಿ. ದೊಡ್ಡಕ್ಷರಗಳ ಶೆಲ್ ಎಂಬ ಪರಿಸರ ಚರಾಂಶವನ್ನು (ವ್ಯವಸ್ಥೆಯು ಒಂದು ಬೆಲೆಯನ್ನು ಇಟ್ಟಿರುವ ಹೆಸರನ್ನು) ಮುದ್ರಿಸಿ ನೋಡಿದರೆ ಸಿಗುವುದು ನಿಮ್ಮ ಖಾತೆಗೆ ಗೊತ್ತುಮಾಡಿರುವ ಶೆಲ್ಲಿನ ಹೆಸರು. ಈ ಕ್ಷಣದಲ್ಲಿ ಓಡುತ್ತಿರುವ ಶೆಲ್ ಬೇರೆಯೇ ಇರಬಹುದು. ಬ್ಯಾಶ್‌ನ ಒಳಗೆ ಕುಳಿತು ಝಡ್‌ಶೆಲ್ಲನ್ನು ಹೆಸರು ಹಿಡಿದು ಕರೆದರೂ ಆ ಚರಾಂಶವು ಬ್ಯಾಶ್ ಎಂದೇ ಹೇಳುತ್ತಿರುತ್ತದೆ. ಓಡುತ್ತಿರುವುದು ಯಾವುದೆಂದು ತಿಳಿಯಲು ಎಕೋ ಎಂದು ಬರೆದು, ಡಾಲರ್ ಚಿಹ್ನೆ ಮತ್ತು ಸೊನ್ನೆಯನ್ನು ಜೊತೆಯಾಗಿ ಕೊಡಿ. ಲಾಗ್‌ಔಟ್ ಆಗಿ ಬಂದು, ಎರಡನ್ನೂ ನೋಡಿ ತಿಳಿಸಿ.

ಹೊಸನಗರದ ಬೆಳೆಗಾರ

ಲಾಗ್‌ಔಟ್ ಅಷ್ಟೇ ಅಲ್ಲ, ಯಂತ್ರವನ್ನೇ ಎರಡು ಸಲ ಆರಿಸಿ ಹಚ್ಚಿದೆ. ಎರಡೂ ಕಡೆ ಬ್ಯಾಶ್ ಎಂದೇ ಬರುತ್ತಿದೆ. ನಾನು ಕೊಟ್ಟ ಆದೇಶವನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ: ಸುಡೋ ಸಿಎಚ್‌ಎಸ್‌ಎಚ್ -ಎಸ್ /ಯುಎಸ್‌ಆರ್/ಬಿನ್/ಝಡ್‌ಎಸ್‌ಎಚ್.

ಶಿವಮೊಗ್ಗದ ಸಿಸ್ಟಮ್ ನಿರ್ವಾಹಕ

ಹೊಸನಗರದವರೇ, ನಿಮ್ಮ ಆದೇಶದ ಮೊದಲ ಪದದಲ್ಲಿಯೇ ಉತ್ತರವಿದೆ. ಶೆಲ್ ಬದಲಿಸುವ ಸಿಎಚ್‌ಎಸ್‌ಎಚ್ ಆದೇಶಕ್ಕೆ ಯಾವ ಬಳಕೆದಾರರ ಹೆಸರನ್ನೂ ಕೊಡದಿದ್ದರೆ, ಅದು ತನ್ನನ್ನು ಓಡಿಸುತ್ತಿರುವವರ ಶೆಲ್ಲನ್ನು ಬದಲಿಸುತ್ತದೆ. ಮುಂದೆ ಸುಡೋ (ನಿರ್ವಾಹಕರ ಅಧಿಕಾರದಲ್ಲಿ ಓಡಿಸು ಎಂಬ ಆದೇಶ) ಸೇರಿಸಿದಾಗ ಅದನ್ನು ಓಡಿಸಿದವರು ನೀವಲ್ಲ, ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ). ಅಂದರೆ ನಿಮ್ಮ ಖಾತೆ ಹೇಗಿತ್ತೋ ಹಾಗೆಯೇ ಇದೆ, ರೂಟ್ ಖಾತೆಯ ಶೆಲ್ ಝಡ್‌ಶೆಲ್ ಆಗಿದೆ. ದೋಷವೇನೂ ಕಾಣಿಸದಿರುವುದಕ್ಕೆ ಕಾರಣ, ಯಂತ್ರದ ದೃಷ್ಟಿಯಲ್ಲಿ ದೋಷವೇ ನಡೆದಿಲ್ಲ. ಇದನ್ನು ಇವತ್ತೇ ಸರಿಪಡಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ, ಕಾರಣವನ್ನು ಕೆಳಗೆ ಬರೆದಿದ್ದೇನೆ.

ಇಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಬೇಕು.

ಮೊದಲು ಕಣ್ಣಾರೆ ನೋಡಿ. ಇಟಿಸಿ ಫೋಲ್ಡರಿನಲ್ಲಿ ಪಾಸ್‌ಡಬ್ಲ್ಯುಡಿ ಎಂಬ ಒಂದು ಪಠ್ಯ ಫೈಲ್ ಇದೆ. ಅದರಲ್ಲಿ ಪ್ರತಿ ಖಾತೆಗೂ ಒಂದು ಸಾಲು, ಪ್ರತಿ ಸಾಲಿನಲ್ಲಿಯೂ ಕೋಲನ್ ಚಿಹ್ನೆಯಿಂದ ಬೇರ್ಪಟ್ಟ 7 ಅಂಕಣಗಳು: ಬಳಕೆದಾರರ ಹೆಸರು, ಹಿಂದೆ ಪಾಸ್‌ವರ್ಡ್ ಇರುತ್ತಿದ್ದ ಮತ್ತು ಈಗ ಒಂದು ಎಕ್ಸ್ ಅಕ್ಷರ ಮಾತ್ರ ಉಳಿದಿರುವ ಜಾಗ, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ಪೂರ್ಣ ಹೆಸರು, ಮನೆ ಫೋಲ್ಡರ್, ಕೊನೆಯದಾಗಿ ಶೆಲ್. ರೂಟ್‌ನ ಬಳಕೆದಾರ ಸಂಖ್ಯೆ 0. ಉಬುಂಟುವಿನಲ್ಲಿ ಮನುಷ್ಯರ ಖಾತೆಗಳು 1000ದಿಂದ ಶುರುವಾಗುವುದರಿಂದ ನಿಮ್ಮದು 1000, ನಿಮ್ಮ ತಂದೆಯವರದು 1001 ಇರಬಹುದು. ಗೆಟ್‌ಎಂಟ್ ಪಾಸ್‌ಡಬ್ಲ್ಯುಡಿ ರೂಟ್ ಎಂದು ಕೊಟ್ಟರೆ ರೂಟ್‌ನ ಸಾಲು ಕಾಣಿಸುತ್ತದೆ. ಅದರ ಕೊನೆಯಲ್ಲಿ ಝಡ್‌ಶೆಲ್ಲಿನ ಹಾದಿ ಇದ್ದರೆ ನಾನು ಹೇಳಿದ್ದು ಖಚಿತವಾಯಿತು. ಈ ಫೈಲನ್ನು ಎಡಿಟರಿನಲ್ಲಿ ತೆರೆದು ಕೈಯಿಂದ ತಿದ್ದಲು ದಯವಿಟ್ಟು ಹೋಗಬೇಡಿ, ಒಂದು ಕೋಲನ್ ಅಳಿಸಿಹೋದರೂ ಆ ಖಾತೆಯ ಸಾಲು ಅರ್ಥ ಕಳೆದುಕೊಳ್ಳುತ್ತದೆ.

ಸರಿಪಡಿಸಲು ಎರಡು ಆದೇಶಗಳು ಸಾಕು. ರೂಟ್‌ಗೆ ಬ್ಯಾಶ್ ಹಿಂತಿರುಗಿಸಲು: ಸುಡೋ ಸಿಎಚ್‌ಎಸ್‌ಎಚ್ -ಎಸ್ /ಬಿನ್/ಬ್ಯಾಶ್ ರೂಟ್. ನಿಮ್ಮ ಖಾತೆಗೆ ಝಡ್‌ಶೆಲ್ ಕೊಡಲು, ಸುಡೋ ಇಲ್ಲದೆ: ಸಿಎಚ್‌ಎಸ್‌ಎಚ್ -ಎಸ್ /ಯುಎಸ್‌ಆರ್/ಬಿನ್/ಝಡ್‌ಎಸ್‌ಎಚ್. ಎರಡನೆಯದಕ್ಕೂ ನಿಮ್ಮ ಪಾಸ್‌ವರ್ಡನ್ನೇ ಕೇಳುತ್ತದೆ. ಆಮೇಲೆ ಲಾಗ್‌ಔಟ್.

ರೂಟ್‌ನ ಶೆಲ್ ವಿಷಯದಲ್ಲಿ ನಾನೇಕೆ ಇಷ್ಟು ಒತ್ತಾಯ ಮಾಡುತ್ತಿದ್ದೇನೆ ಎಂದರೆ, ಉಳಿದೆಲ್ಲವೂ ಕೆಟ್ಟಾಗ ನಾವು ಹೋಗಿ ನಿಲ್ಲುವುದು ಅಲ್ಲಿ. ಉಬುಂಟುವಿಗೆ ಮೂಲವಾದ ಡೆಬಿಯನ್‌ನಲ್ಲಿಯೂ ಉಬುಂಟುವಿನಲ್ಲಿಯೂ ಬ್ಯಾಶ್ ಹಾಗೂ ಡ್ಯಾಶ್ ಎಂಬ ಎರಡು ಶೆಲ್‌ಗಳನ್ನು ಅತ್ಯಗತ್ಯ ಪ್ಯಾಕೇಜುಗಳೆಂದು ಗುರುತಿಸಿದ್ದಾರೆ, ಅವನ್ನು ತೆಗೆಯಲು ಹೊರಟರೆ ಪ್ಯಾಕೇಜು ವ್ಯವಸ್ಥೆಯು ತಡೆದು ಎಚ್ಚರಿಸುತ್ತದೆ. ಝಡ್‌ಶೆಲ್ಲಿಗೆ ಆ ರಕ್ಷಣೆ ಇಲ್ಲ. ಅದು ಎಂದಾದರೂ ಯಂತ್ರದಿಂದ ಹೋದರೆ, ಅದನ್ನೇ ನೆಚ್ಚಿಕೊಂಡ ರೂಟ್ ಖಾತೆಯ ಬಾಗಿಲೂ ಮುಚ್ಚಿಕೊಳ್ಳುತ್ತದೆ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯವರು ಬಹುಕಾಲ ರೂಟ್‌ಗೆ ಸಿ-ಶೆಲ್ ಕೊಟ್ಟಿದ್ದು, 2023ರ 14.0 ಆವೃತ್ತಿಯಲ್ಲಿ ಅದನ್ನು ಸಾದಾ ಎಸ್‌ಎಚ್‌ಗೆ ಬದಲಿಸಿದರು. ರೂಟ್‌ಗೆ ಸರಳವಾದ, ಸದಾ ಇರುವ ಶೆಲ್ಲೇ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ತಂದೆಯವರು ಕೇಳದಿದ್ದರೆ ಅವರ ಖಾತೆಯನ್ನು ಮುಟ್ಟಬೇಡಿ.

ತೀರ್ಥಹಳ್ಳಿಯ ಶಿಕ್ಷಕಿ

ಮೇಲಿನ ಎಚ್ಚರಿಕೆ ಎಷ್ಟು ನಿಜವೆಂದು ನಾನು ಅನುಭವದಿಂದ ಬಲ್ಲೆ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಕೆಲಸ ಮಾಡುವ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಮಕ್ಕಳ ಫೈಲುಗಳನ್ನೆಲ್ಲ ಇಟ್ಟಿರುವ ಒಂದು ಯಂತ್ರವಿದೆ. ಅದಕ್ಕೆ ಪರದೆ ಇಲ್ಲ, ಎಸ್‌ಎಸ್‌ಎಚ್ ಮೂಲಕ ದೂರದಿಂದಲೇ ಒಳಗೆ ಹೋಗುತ್ತೇನೆ. ನನ್ನ ಖಾತೆಗೆ ಝಡ್‌ಶೆಲ್ ಹಾಕಿಕೊಂಡಿದ್ದೆ. ಒಮ್ಮೆ ಪರೀಕ್ಷೆಯ ಹೊತ್ತಿಗೆ ಡಿಸ್ಕ್ ತುಂಬಿ ಬಂದಾಗ, ಬೇಡದ ಪ್ಯಾಕೇಜುಗಳನ್ನು ತೆಗೆಯುತ್ತಾ ಹೋಗಿ ಝಡ್‌ಶೆಲ್ಲನ್ನೂ ತೆಗೆದುಬಿಟ್ಟೆ. ಪ್ಯಾಕೇಜು ಹೋಯಿತು, ಆದರೆ ನನ್ನ ಖಾತೆಯ ಸಾಲಿನಲ್ಲಿ ಅದರ ಹಾದಿ ಹಾಗೆಯೇ ಉಳಿಯಿತು. ಆಗ ಓಡುತ್ತಿದ್ದ ಶೆಲ್ ಅದಾಗಲೇ ನೆನಪಿನಲ್ಲಿ ಇದ್ದುದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ, ನಾನು ನಿಶ್ಚಿಂತೆಯಿಂದ ಲಾಗ್‌ಔಟ್ ಮಾಡಿ ಮನೆಗೆ ಹೋದೆ.

ಮರುದಿನ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಅನುಮತಿ ಇಲ್ಲವೆಂಬ ಒಂದೇ ಮಾತು. ಪಾಸ್‌ವರ್ಡನ್ನೇ ಮರೆತೆನೇನೋ ಎಂದು ಗಾಬರಿಯಾಯಿತು. ದೂರದಲ್ಲಿ ಕುಳಿತವರಿಗೆ ಎಸ್‌ಎಸ್‌ಎಚ್ ನಿಜವಾದ ಕಾರಣವನ್ನು ಹೇಳುವುದಿಲ್ಲ. ಶೆಲ್ ಅಸ್ತಿತ್ವದಲ್ಲಿಲ್ಲದ ಕಾರಣ ಪ್ರವೇಶವಿಲ್ಲ ಎಂಬ ಸಾಲು ಆ ಯಂತ್ರದ ದಾಖಲೆಯಲ್ಲಿ ಮಾತ್ರ ಬರೆದಿರುತ್ತದೆ. ನನ್ನ ಅದೃಷ್ಟಕ್ಕೆ, ನಿರ್ವಾಹಕ ಅಧಿಕಾರವಿದ್ದ ಇನ್ನೊಂದು ಖಾತೆಯನ್ನು ಸಹೋದ್ಯೋಗಿಯೊಬ್ಬರಿಗಾಗಿ ಮಾಡಿಕೊಟ್ಟಿದ್ದೆ. ಅವರು ಲಾಗಿನ್ ಆಗಿ, ಸುಡೋ ಯೂಸರ್‌ಮಾಡ್ -ಎಸ್ /ಬಿನ್/ಬ್ಯಾಶ್ ಎಂದು ಬರೆದು ಮುಂದೆ ನನ್ನ ಖಾತೆಯ ಹೆಸರು ಸೇರಿಸಿದರು, ಬಾಗಿಲು ತೆರೆಯಿತು.

ಆ ಎರಡನೆಯ ಖಾತೆ ಇಲ್ಲದಿದ್ದರೆ ಪರದೆ ಮತ್ತು ಕೀಲಿಮಣೆ ಜೋಡಿಸಿ, ಯಂತ್ರ ಹಚ್ಚುವಾಗ ಗ್ರಬ್ ಎಂಬ ಆರಂಭದ ಪಟ್ಟಿಯಿಂದ ರಿಕವರಿ ಮೋಡ್‌ಗೆ (ದುರಸ್ತಿಯ ಸ್ಥಿತಿಗೆ) ಹೋಗಿ ರೂಟ್ ಶೆಲ್ ಹಿಡಿಯಬೇಕಾಗುತ್ತಿತ್ತು. ಅಲ್ಲಿ ಡಿಸ್ಕ್ ಓದಲು ಮಾತ್ರ ತೆರೆದಿದ್ದರೆ ಮೊದಲು ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯು / ಎಂಬ ಆದೇಶ ಕೊಟ್ಟು ಬರೆಯಲು ತೆರೆಯಬೇಕು, ಆಮೇಲೆ ಅದೇ ಯೂಸರ್‌ಮಾಡ್.

ಈಗ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಶೆಲ್ ಬದಲಿಸಿದ ಮೇಲೆ ಇದ್ದ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡುತ್ತೇನೆ. ಅದು ಸರಿಯಾಗಿ ಒಳಗೆ ಬಿಟ್ಟರೆ ಮಾತ್ರ ಹಳೆಯದನ್ನು ಮುಚ್ಚುತ್ತೇನೆ.

ಸಾಗರದ ಪ್ರೋಗ್ರಾಮರ್

ಸುಡೋ ಇತ್ತೇ ಎಂದು ನಾನು ಮೊದಲೇ ಕೇಳಬೇಕಿತ್ತು. ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಜನ ಹೆಚ್ಚು ಹೆದರುವುದೂ ಹೆಚ್ಚು ಎಡವುವುದೂ ಇಲ್ಲಿಯೇ.

ಸ್ಕ್ರಿಪ್ಟಿನ ಮೊದಲ ಸಾಲನ್ನು ನೋಡಿ. ಹ್ಯಾಶ್ ಮತ್ತು ಆಶ್ಚರ್ಯಸೂಚಕ ಚಿಹ್ನೆಗಳ ನಂತರ /ಬಿನ್/ಬ್ಯಾಶ್ ಎಂದಿದ್ದರೆ, ನಿಮ್ಮ ಲಾಗಿನ್ ಶೆಲ್ ಯಾವುದೇ ಇರಲಿ, ಆ ಸ್ಕ್ರಿಪ್ಟನ್ನು ಬ್ಯಾಶ್ ಓಡಿಸುತ್ತದೆ. ಆ ಸಾಲೇ ಇಲ್ಲದಿದ್ದರೆ ಮಾತ್ರ ತೊಂದರೆ. ಇಷ್ಟು ದಿನ ನೀವು ಬ್ಯಾಶ್‌ನಿಂದ ಕರೆಯುತ್ತಿದ್ದಿರಿ, ಬ್ಯಾಶ್ ಅದನ್ನು ತಾನೇ ಓಡಿಸಿಕೊಳ್ಳುತ್ತಿತ್ತು. ಝಡ್‌ಶೆಲ್ ಅಂಥ ಸ್ಕ್ರಿಪ್ಟನ್ನು /ಬಿನ್/ಎಸ್‌ಎಚ್‌ಗೆ ಒಪ್ಪಿಸುತ್ತದೆ, ಮತ್ತು ಉಬುಂಟುವಿನಲ್ಲಿ ಆ ಹೆಸರಿನ ಹಿಂದೆ ಇರುವುದು ಬ್ಯಾಶ್ ಅಲ್ಲ, ಡ್ಯಾಶ್. 2006ರ ಅಕ್ಟೋಬರಿನ 6.10 ಆವೃತ್ತಿಯಿಂದಲೂ ಹಾಗೆಯೇ. ಡ್ಯಾಶ್ ಚಿಕ್ಕದು, ವೇಗದ್ದು, ಯಂತ್ರ ಹಚ್ಚುವಾಗ ಓಡುವ ಹಲವಾರು ಸ್ಕ್ರಿಪ್ಟುಗಳು ಬೇಗ ಮುಗಿಯಲಿ ಎಂದು ಆ ಬದಲಾವಣೆ ಮಾಡಿದರು. ಅಡಿಕೆಯ ಬಗೆಗಳನ್ನು ನೀವು ಅರೇ (ಸಂಖ್ಯೆ ಹಿಡಿದು ಕರೆಯಬಹುದಾದ ಪಟ್ಟಿ) ಆಗಿ ಬರೆದಿದ್ದರೆ ಡ್ಯಾಶ್‌ಗೆ ಅದು ಅರ್ಥವೇ ಆಗುವುದಿಲ್ಲ. ಮೊದಲ ಸಾಲನ್ನು ಸೇರಿಸಿಬಿಡಿ, ಚಿಂತೆ ಮುಗಿಯಿತು. ಇದೇ ಕಾರಣಕ್ಕೆ, ಡಿಫಾಲ್ಟ್ ಶೆಲ್ ಬದಲಿಸುವುದೆಂದರೆ /ಬಿನ್/ಎಸ್‌ಎಚ್ ಎಂಬ ಕೊಂಡಿಯನ್ನೇ ಝಡ್‌ಶೆಲ್ಲಿಗೆ ತಿರುಗಿಸುವುದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ಹೆಸರನ್ನು ನಂಬಿಕೊಂಡು ಇಡೀ ವ್ಯವಸ್ಥೆ ನಿಂತಿದೆ. ನಿಗದಿತ ಹೊತ್ತಿಗೆ ಕೆಲಸ ಮಾಡುವ ಕ್ರಾನ್ ಕೂಡ, ನೀವು ಬೇರೆ ಹೇಳದ ಹೊರತು, ನಿಮ್ಮ ಲಾಗಿನ್ ಶೆಲ್ಲನ್ನು ನೋಡದೆ ಎಸ್‌ಎಚ್‌ನಲ್ಲಿಯೇ ಆದೇಶಗಳನ್ನು ಓಡಿಸುತ್ತದೆ.

ಕೈಯಿಂದ ಟೈಪ್ ಮಾಡುವ ಆದೇಶಗಳಲ್ಲಿ, ಮತ್ತು ಬ್ಯಾಶ್‌ನ ಸಂರಚನಾ ಫೈಲಿನಿಂದ ಝಡ್‌ಶೆಲ್ಲಿನ ಸಂರಚನಾ ಫೈಲಿಗೆ ನಕಲು ಮಾಡಿಕೊಳ್ಳುವ ಸಾಲುಗಳಲ್ಲಿ, ನಿಜವಾದ ವ್ಯತ್ಯಾಸಗಳಿವೆ. ಬ್ಯಾಶ್‌ನ ಅರೇ 0ಯಿಂದ ಎಣಿಸುತ್ತದೆ, ಝಡ್‌ಶೆಲ್ಲಿನದು 1ರಿಂದ. ರಾಶಿ, ಬೆಟ್ಟೆ, ಗೊರಬಲು ಎಂಬ ಪಟ್ಟಿಯಲ್ಲಿ 1ನೆಯದನ್ನು ಕೇಳಿದರೆ ಬ್ಯಾಶ್ ಬೆಟ್ಟೆಯನ್ನು ಕೊಡುತ್ತದೆ, ಝಡ್‌ಶೆಲ್ ರಾಶಿಯನ್ನು ಕೊಡುತ್ತದೆ. ದೋಷಸೂಚನೆ ಬರುವುದೇ ಇಲ್ಲ, ಲೆಕ್ಕ ಮಾತ್ರ ತಪ್ಪಿರುತ್ತದೆ. ಉದ್ಧರಣ ಚಿಹ್ನೆ ಹಾಕದ ಚರಾಂಶದೊಳಗಿನ ಪದಗಳನ್ನು ಬ್ಯಾಶ್ ಖಾಲಿ ಜಾಗ ಬಂದಲ್ಲೆಲ್ಲ ಒಡೆಯುತ್ತದೆ, ಝಡ್‌ಶೆಲ್ ಒಡೆಯುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ ಇರುವ ಜಾಲ ವಿಳಾಸವನ್ನು ಹಾಗೆಯೇ ಅಂಟಿಸಿದರೆ, ಹೊಂದುವ ಫೈಲ್ ಸಿಗಲಿಲ್ಲವೆಂದು ಝಡ್‌ಶೆಲ್ ನಿಂತುಬಿಡುತ್ತದೆ.

ಫಿಶ್ ಶೆಲ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಒಂದು ಮಾತು. 2005ರಲ್ಲಿ ಬಂದ ಆ ಶೆಲ್ ಹೊಸಬರಿಗೆ ಬಹಳ ಹಿತ, ಆದರೆ ಅದರ ಭಾಷೆಯೇ ಬೇರೆ. ಚರಾಂಶಕ್ಕೆ ಬೆಲೆ ಕೊಡುವ ರೀತಿಯೂ ಬೇರೆ. ಅದನ್ನು ಇಷ್ಟಪಡುವವರಿಗೆ ನನ್ನ ಸಲಹೆ, ಲಾಗಿನ್ ಶೆಲ್ ಬ್ಯಾಶ್ ಆಗಿಯೇ ಇರಲಿ, ಟರ್ಮಿನಲ್ ಅಪ್ಲಿಕೇಶನ್ನಿನ ಪ್ರೊಫೈಲಿನಲ್ಲಿ ಮಾತ್ರ ಫಿಶ್ ತೆರೆಯುವಂತೆ ಹೇಳಿ.

ಶಿವಮೊಗ್ಗದ ಸಿಸ್ಟಮ್ ನಿರ್ವಾಹಕ

ಈಗ ಹೊಸನಗರದವರ ಮೂಲ ದೂರಿಗೆ ಬರೋಣ. ಅವರಿಗೆ ಬೇಕಾದದ್ದು ಹೊಸ ಶೆಲ್ ಅಲ್ಲ, ಕರೆಂಟು ಹೋದರೂ ಉಳಿಯುವ ಆದೇಶಗಳ ಇತಿಹಾಸ. ಬ್ಯಾಶ್ ಅಂದಂದಿನ ಆದೇಶಗಳನ್ನು ನೆನಪಿನಲ್ಲಿ ಇಟ್ಟುಕೊಂಡು, ಕ್ರಮವಾಗಿ ಮುಗಿಯುವಾಗ ಫೈಲಿಗೆ ಬರೆಯುತ್ತದೆ. ಕರೆಂಟು ಹೋದಾಗ ಅದಕ್ಕೆ ಆ ಅವಕಾಶ ಸಿಗುವುದಿಲ್ಲ. ಇದಕ್ಕೆ ಬ್ಯಾಶ್‌ನಲ್ಲಿಯೇ ಪರಿಹಾರವಿದೆ. ಪ್ರತಿ ಸಲ ಪ್ರಾಂಪ್ಟ್ (ಮುಂದಿನ ಆದೇಶಕ್ಕೆ ಕಾಯುವ ಗುರುತು) ತೋರಿಸುವ ಮೊದಲು ಓಡಬೇಕಾದ ಆದೇಶವನ್ನು ಪ್ರಾಂಪ್ಟ್ ಕಮಾಂಡ್ ಎಂಬ ಚರಾಂಶದಲ್ಲಿ ಇಡಬಹುದು (ದೊಡ್ಡಕ್ಷರಗಳಲ್ಲಿ, ಎರಡು ಪದಗಳ ನಡುವೆ ಅಡಿಗೆರೆ). ಅದಕ್ಕೆ ಹಿಸ್ಟರಿ -ಎ ಎಂಬ ಬೆಲೆ ಕೊಟ್ಟು, ಮನೆ ಫೋಲ್ಡರಿನ ಬ್ಯಾಶ್‌ಆರ್‌ಸಿ ಫೈಲಿನ ಕೊನೆಗೆ ಆ ಒಂದು ಸಾಲನ್ನು ಸೇರಿಸಿದರೆ, ಪ್ರತಿ ಆದೇಶ ಮುಗಿದೊಡನೆ ಅದು ಫೈಲಿಗೆ ಸೇರುತ್ತದೆ. ಕೊನೆಯ ಕೆಲವು ಸೆಕೆಂಡುಗಳದು ಡಿಸ್ಕ್ ತಲುಪದೆ ಹೋಗಬಹುದು, ಬೆಳಗಿನಿಂದ ಮಾಡಿದ್ದೆಲ್ಲ ಹೋಗುವುದಿಲ್ಲ. ಉಬುಂಟು ಕೊಡುವ ಆ ಫೈಲಿನಲ್ಲಿ ನೆನಪಿಗೆ 1000 ಆದೇಶ, ಫೈಲಿಗೆ 2000 ಸಾಲು ಎಂಬ ಮಿತಿ ಇರುತ್ತದೆ, ಅದನ್ನೂ ಹೆಚ್ಚಿಸಿಕೊಳ್ಳಿ.

ಝಡ್‌ಶೆಲ್ ಹಾಕಿದ ಮಾತ್ರಕ್ಕೆ ಈ ತೊಂದರೆ ತಾನಾಗಿ ಹೋಗುತ್ತದೆ ಎಂದುಕೊಂಡರೆ ಅದು ತಪ್ಪು. ಸಂರಚನೆ ಇಲ್ಲದ ಝಡ್‌ಶೆಲ್ 30 ಆದೇಶಗಳನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ, ಫೈಲಿಗೆ ಒಂದನ್ನೂ ಬರೆಯುವುದಿಲ್ಲ. ಇತಿಹಾಸದ ಫೈಲ್ ಯಾವುದು, ನೆನಪಿನಲ್ಲಿ ಎಷ್ಟು, ಫೈಲಿನಲ್ಲಿ ಎಷ್ಟು ಎಂಬ ಮೂರನ್ನೂ ಹೇಳಿ, ಮೇಲೆ ಇಂಕ್ ಅಪೆಂಡ್ ಹಿಸ್ಟರಿ ಎಂಬ ಆಯ್ಕೆಯನ್ನೂ ಸೆಟ್‌ಆಪ್ಟ್ ಆದೇಶದಿಂದ ಹಚ್ಚಬೇಕು. ಮೊದಲ ಸಲ ತೆರೆದಾಗ ಬರುವ ಪ್ರಶ್ನೆಗಳ ಪಟ್ಟಿಯಲ್ಲಿ 0 ಒತ್ತಿದರೆ ಖಾಲಿ ಸಂರಚನಾ ಫೈಲ್ ಆಗುತ್ತದೆ, ಇವನ್ನೆಲ್ಲ ಅದರಲ್ಲಿಯೇ ಬರೆಯಿರಿ.

ಕನ್ನಡದಲ್ಲಿ ಫೈಲಿನ ಹೆಸರು ಇಡುವವರಿಗೆ ಇನ್ನೊಂದು ವಿಷಯ. ಝಡ್‌ಶೆಲ್ಲಿನಲ್ಲಿ ಅಡಿಕೆ ಎಂದು ಟೈಪ್ ಮಾಡಿದರೆ, ಡಿ ಅಕ್ಷರದ ಗುಡಿಸಿನ ಜಾಗದಲ್ಲಿಯೂ ಕೆ ಅಕ್ಷರದ ಎತ್ವದ ಜಾಗದಲ್ಲಿಯೂ ಕೋನಾವರಣದೊಳಗೆ ಯೂನಿಕೋಡ್ ಸಂಕೇತಗಳು ಕಾಣಿಸಬಹುದು. ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುವ, ತಮ್ಮದೇ ಅಗಲವಿಲ್ಲದ ಚಿಹ್ನೆಗಳನ್ನು ಟರ್ಮಿನಲ್ ಸರಿಯಾಗಿ ತೋರಿಸುತ್ತದೆಂಬ ಭರವಸೆ ಅದಕ್ಕೆ ಮೊದಲಿಗೆ ಇರುವುದಿಲ್ಲ. ಕಂಬೈನಿಂಗ್ ಚಾರ್ಸ್ ಎಂಬ ಆಯ್ಕೆಯನ್ನು ಸೆಟ್‌ಆಪ್ಟ್‌ನಿಂದ ಹಚ್ಚಿದರೆ ಸರಿಹೋಗುತ್ತದೆ. 2019ರ ಕ್ಯಾಟಲಿನಾದಿಂದ ಮ್ಯಾಕ್‌ನ ಹೊಸ ಖಾತೆಗಳಿಗೆ ಝಡ್‌ಶೆಲ್ಲೇ ಡಿಫಾಲ್ಟ್, ಅಲ್ಲಿ ಈ ಆಯ್ಕೆಯನ್ನು ಮೊದಲೇ ಹಚ್ಚಿಟ್ಟಿದ್ದಾರೆ. ಒತ್ತಕ್ಷರಗಳಲ್ಲಿ ಕರ್ಸರ್ ಆಚೀಚೆ ಸರಿಯುವುದು ಬೇರೆ ಸಮಸ್ಯೆ, ಅದು ಟರ್ಮಿನಲ್ಲಿನದು. ಶೆಲ್ ಬದಲಿಸಿ ಅದನ್ನು ನಿವಾರಿಸಲಾಗದು.

ತೀರ್ಥಹಳ್ಳಿಯ ಶಿಕ್ಷಕಿ

ಸಂಕೇತಗಳ ತೊಂದರೆಯನ್ನು ನಾನೂ ನೋಡಿದ್ದೆ, ಫಾಂಟಿನ ದೋಷವೆಂದು ತಿಳಿದು ಫಾಂಟುಗಳನ್ನು ಬದಲಿಸುತ್ತಾ ಕುಳಿತಿದ್ದೆ. ಈಗ ಆ ಆಯ್ಕೆ ಹಚ್ಚಿದೆ, ಮಕ್ಕಳ ಹೆಸರಿನ ಫೈಲುಗಳೆಲ್ಲ ನೇರವಾಗಿ ಕಾಣುತ್ತಿವೆ. ಮುಂದಿನ ವರ್ಷ ಹೊಸ ಮಕ್ಕಳಿಗೆ ಖಾತೆ ಮಾಡುವಾಗ ಅವರಿಗೆ ಯಾವ ಶೆಲ್ ಬರಬೇಕೆಂದು ಎಲ್ಲಿ ಹೇಳಬೇಕು?

ಶಿವಮೊಗ್ಗದ ಸಿಸ್ಟಮ್ ನಿರ್ವಾಹಕ

ಆಡ್‌ಯೂಸರ್ ಆದೇಶ ಬಳಸುವುದಾದರೆ ಇಟಿಸಿ ಫೋಲ್ಡರಿನ ಆಡ್‌ಯೂಸರ್‌.ಕಾನ್ಫ್ ಫೈಲಿನಲ್ಲಿ ಡಿಶೆಲ್ ಎಂಬ ಸಾಲಿದೆ, ಅಲ್ಲಿ. ಅದು ಮುಂದೆ ಮಾಡುವ ಖಾತೆಗಳಿಗೆ ಮಾತ್ರ ಅನ್ವಯಿಸುತ್ತದೆ, ಈಗಿರುವವು ಬದಲಾಗುವುದಿಲ್ಲ. ಆದರೆ ಮಕ್ಕಳಿಗೆ ಬ್ಯಾಶ್‌ನಲ್ಲಿಯೇ ಕಲಿಸಿ ಎಂಬುದು ನನ್ನ ಕೋರಿಕೆ, ಏಕೆಂದರೆ ಮುಂದೆ ಅವರು ಯಾವ ಲಿನಕ್ಸ್ ಸರ್ವರಿನ ಮುಂದೆ ಕುಳಿತರೂ ಅವರಿಗೆ ಹೆಚ್ಚಾಗಿ ಸಿಗುವುದು ಅದೇ.

ಹೊಸನಗರದ ಬೆಳೆಗಾರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ರೂಟ್‌ನ ಸಾಲಿನ ಕೊನೆಯಲ್ಲಿ ನೀವು ಹೇಳಿದಂತೆಯೇ ಝಡ್‌ಶೆಲ್ ಇತ್ತು. ಅದನ್ನು ಬ್ಯಾಶ್‌ಗೆ ಹಿಂತಿರುಗಿಸಿದೆ. ಸ್ಕ್ರಿಪ್ಟಿನಲ್ಲಿ ಮೊದಲ ಸಾಲು ಇರಲಿಲ್ಲ, ಸೇರಿಸಿದೆ. ಬಗೆಗಳ ಪಟ್ಟಿಯನ್ನು ಅರೇಯಾಗಿಯೇ ಬರೆದಿದ್ದೆನಾದ್ದರಿಂದ, ಆ ಸಾಲಿಲ್ಲದೆ ಝಡ್‌ಶೆಲ್ಲಿನಿಂದ ಓಡಿಸಿದಾಗ ನಿಜಕ್ಕೂ ನಿಂತುಹೋಗುತ್ತಿತ್ತು, ಪರೀಕ್ಷಿಸಿ ನೋಡಿದೆ.

ಬ್ಯಾಶ್‌ಆರ್‌ಸಿಯ ಕೊನೆಗೆ ಆ ಒಂದು ಸಾಲು ಹಾಕಿ, ಮೂರು ಆದೇಶಗಳನ್ನು ಕೊಟ್ಟು, ಒಂದು ನಿಮಿಷ ಕಾದು, ಪ್ಲಗ್ ಕಿತ್ತೆ. ಮತ್ತೆ ಹಚ್ಚಿ ಮೇಲ್ಬಾಣ ಒತ್ತಿದಾಗ ಮೂರೂ ಇದ್ದವು. ಹಾಗಾಗಿ ಸದ್ಯಕ್ಕೆ ನನ್ನ ಖಾತೆಯನ್ನು ಬ್ಯಾಶ್‌ನಲ್ಲಿಯೇ ಉಳಿಸಿಕೊಂಡಿದ್ದೇನೆ, ತಂದೆಯವರ ಖಾತೆಯನ್ನು ಮುಟ್ಟಿಲ್ಲ. ಝಡ್‌ಶೆಲ್ ಪ್ಯಾಕೇಜನ್ನು ತೆಗೆಯುವ ಮೊದಲು ಗೆಟ್‌ಎಂಟ್ ಪಾಸ್‌ಡಬ್ಲ್ಯುಡಿ ಎಂದಷ್ಟೇ ಕೊಟ್ಟು ಎಲ್ಲ ಸಾಲುಗಳ ಕೊನೆಯ ಅಂಕಣವನ್ನೂ ನೋಡಿದೆ, ಯಾವ ಖಾತೆಯೂ ಅದನ್ನು ನೆಚ್ಚಿಕೊಂಡಿರಲಿಲ್ಲ. ಆದರೂ ತೆಗೆದಿಲ್ಲ, ದಸರೆಯ ರಜೆಗೆ ತಂಗಿಯ ಮಗಳು ಬಂದಾಗ ಟರ್ಮಿನಲ್ಲಿನಲ್ಲಿ ಹೆಸರು ಹಿಡಿದು ಅದನ್ನು ಕರೆದು, ಅದರ ಸಂರಚನೆಯನ್ನು ಅವಳೊಂದಿಗೆ ಕುಳಿತು ಬರೆಯುತ್ತೇನೆ.